ಖಡಕ್‌ವಾಸ್ಲಾಗೆ ಹೊರಟವರು ಯಾವ ಕ್ಲಬ್ ಸೇರಬೇಕು?

ಎನ್‌ಡಿಎ, ಅಂದರೆ ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿರುವ ನ್ಯಾಷನಲ್ ಡಿಫೆನ್ಸ್ ಅಕಾಡೆಮಿಯ ಮೆರಿಟ್ ಲಿಸ್ಟ್ ಬಂದ ಕೂಡಲೇ ನನಗೆ ಮೆಸೇಜ್‌ಗಳು ಶುರುವಾಗುತ್ತವೆ. ವಿಜಯಪುರ ಸೈನಿಕ ಶಾಲೆಯ ಹುಡುಗರು, ಕೊಡಗಿನ ಕೂಡಿಗೆಯವರು, ಬೆಳಗಾವಿ ಮಿಲಿಟರಿ ಸ್ಕೂಲಿನವರು, ಜೊತೆಗೆ ಈ ಯಾವ ಶಾಲೆಯನ್ನೂ ನೋಡದೆ ಮಂಡ್ಯ, ಶಿರಸಿ ಕಡೆಯ ಪಿಯು ಕಾಲೇಜಿನಿಂದ ನೇರವಾಗಿ ಹೋಗುವವರು. ಟ್ರಂಕ್‌ನಲ್ಲಿ ಏನೇನು ಇಟ್ಟುಕೊಳ್ಳಬೇಕು ಅನ್ನೋದು ಮೊದಲ ಪ್ರಶ್ನೆ. ಎರಡನೆಯದು ಕ್ಲಬ್, ಅಂದರೆ ಓದು, ತರಬೇತಿಯ ಜೊತೆಗೆ ಸೇರುವ ಹವ್ಯಾಸದ ಗುಂಪು. "ಸರ್, ರೈಡಿಂಗ್ ತಗೊಳ್ಲಾ, ಸೇಲಿಂಗ್ ತಗೊಳ್ಲಾ, ಡಿಬೇಟ್ ಒಳ್ಳೆಯದಾ?" ಒಬ್ಬೊಬ್ಬರಿಗೂ ಬರೆಯುವ ಬದಲು ಒಂದೇ ಕಡೆ ಬರೆದಿಡುತ್ತಿದ್ದೇನೆ. ನಾನೂ ಅಲ್ಲಿ ಮೂರು ವರ್ಷ ಕಳೆದವನು, ಈ ವಿಷಯದಲ್ಲಿ ನನಗೆ ಖಚಿತವಾದ ಅಭಿಪ್ರಾಯ ಇದೆ.

ಅಭಿಪ್ರಾಯ ಇಷ್ಟೇ. ನಿಮಗೆ ಈಗಾಗಲೇ ಚೆನ್ನಾಗಿ ಬರುವುದನ್ನು ಕ್ಲಬ್ ಆಗಿ ಆರಿಸಬೇಡಿ. ಊರಲ್ಲಿ ಇದ್ದಿದ್ದರೆ ಜನ್ಮದಲ್ಲಿ ಕೈಗೆ ಸಿಗದಂಥದ್ದನ್ನು ಆರಿಸಿ.

ಯಾಕೆ ಅಂತ ಹೇಳುವ ಮೊದಲು ಅಲ್ಲಿನ ದಿನ ಹೇಗಿರುತ್ತದೆ ಅಂತ ಸ್ವಲ್ಪ ಗೊತ್ತಿರಬೇಕು. ಬೆಳಕು ಹರಿಯುವ ಮುಂಚೆ ಏಳಬೇಕು. ಪಿಟಿ, ಡ್ರಿಲ್, ಆಮೇಲೆ ಡಿಗ್ರಿ ಕ್ಲಾಸು. ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಲಾಗಿ ಸೈಕಲ್ ತುಳಿದುಕೊಂಡೇ ಹೋಗಬೇಕು, ಕ್ಯಾಂಪಸ್ ಅಷ್ಟು ದೊಡ್ಡದು, ಸುಮಾರು 7000 ಎಕರೆ. ಸಂಜೆ ಗೇಮ್ಸ್ ಕಡ್ಡಾಯ. ರಾತ್ರಿ ಓದುವ ಸಮಯ, ಆಮೇಲೆ ಲೈಟ್ಸ್ ಆಫ್. ಇದರ ನಡುವೆ ಸ್ಕ್ವಾಡ್ರನ್‌ಗಳ, ಅಂದರೆ ಕೆಡೆಟ್‌ಗಳು ಒಟ್ಟಿಗೆ ಇರುವ ತಂಡಗಳ ಪೈಪೋಟಿ. ಕ್ರಾಸ್ ಕಂಟ್ರಿ ಬಂತು ಅಂದರೆ ಇಡೀ ಸ್ಕ್ವಾಡ್ರನ್ ಉಸಿರಾಡುವುದೇ ಅದಕ್ಕಾಗಿ ಅನ್ನಿಸುತ್ತದೆ. ಮೊದಲ ಟರ್ಮ್‌ನಲ್ಲಂತೂ (ಒಂದು ಟರ್ಮ್ ಅಂದರೆ ಆರು ತಿಂಗಳು) ಕವಾಯತಿನ ಪರೀಕ್ಷೆಯಾದ ಡ್ರಿಲ್ ಸ್ಕ್ವೇರ್ ಟೆಸ್ಟ್ ಪಾಸಾಗದೆ ಪುಣೆಗೆ ಲಿಬರ್ಟಿ, ಅಂದರೆ ಹೊರಗೆ ಸುತ್ತಾಡಿ ಬರುವ ಅನುಮತಿ ಕೂಡ ಸಿಗುವುದಿಲ್ಲ. ಕ್ಲಬ್‌ಗೆ ಅಂತ ಉಳಿಯುವ ಹೊತ್ತು ತುಂಬಾ ಕಡಿಮೆ. ಆ ಸ್ವಲ್ಪ ಹೊತ್ತಿನಲ್ಲಿ ಐದು ಕ್ಲಬ್‌ಗೆ ಹೆಸರು ಕೊಟ್ಟರೆ ಐದರಲ್ಲೂ ಏನೂ ಕಲಿಯುವುದಿಲ್ಲ. ಒಂದು ಸಾಕು. ಜಾಸ್ತಿ ಅಂದರೆ ಎರಡು.

ಈಗ ನಿಮಗೆ ಬರುವ ಆಟದ ವಿಷಯ. ಕೊಡಗಿನ ಹುಡುಗನಿಗೆ ಹಾಕಿ ಬರುತ್ತದೆ ಅಂತ ಸ್ಕ್ವಾಡ್ರನ್‌ಗೆ ಗೊತ್ತಾಗಲು ಬಹಳ ದಿನ ಬೇಕಿಲ್ಲ. ಗೊತ್ತಾದ ಮೇಲೆ ಅವನು ಬೇಡ ಅಂದರೂ ಬಿಡುವುದಿಲ್ಲ, ಟೀಮಿಗೆ ಎಳೆದುಕೊಳ್ಳುತ್ತಾರೆ. ಓಡುವವನನ್ನು ಕ್ರಾಸ್ ಕಂಟ್ರಿಗೆ, ಬಾಕ್ಸಿಂಗ್ ಗೊತ್ತಿದ್ದವನನ್ನು ರಿಂಗಿಗೆ. ಅಂದರೆ ನಿಮ್ಮ ಹಳೆಯ ವಿದ್ಯೆಗೆ ಅಲ್ಲಿ ಜಾಗ ತಾನಾಗಿ ಸಿಗುತ್ತದೆ. ಕ್ಲಬ್ ಒಂದೇ ನೀವು ಹೊಸಬರಾಗಿ ನಿಲ್ಲಬಹುದಾದ ಜಾಗ. ಅದನ್ನೂ ಹಳೆಯದಕ್ಕೇ ಕೊಟ್ಟುಬಿಟ್ಟರೆ ಮೂರು ವರ್ಷ ಮುಗಿದಾಗ ಬೇಜಾರಾಗುತ್ತದೆ.

ನನ್ನ ಮೊದಲ ಸಲಹೆ ಯಾವಾಗಲೂ ಸೇಲಿಂಗ್. ಅಕಾಡೆಮಿ ಇರುವುದೇ ಖಡಕ್‌ವಾಸ್ಲಾ ಜಲಾಶಯದ ದಡದಲ್ಲಿ. ಅಲ್ಲಿ ಪೀಕಾಕ್ ಬೇ ಅಂತ ಒಂದು ಜಾಗ, ನೀರಿನ ತರಬೇತಿ ಎಲ್ಲ ಅಲ್ಲೇ. ಹಾಯಿದೋಣಿ ಅಂದರೆ ನೇವಿಗೆ ಹೋಗುವವರಿಗೆ ಮಾತ್ರ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಖಂಡಿತ ಅಲ್ಲ. ಆರ್ಮಿಗೆ ಹೋಗುವವನೇ ಇದನ್ನು ಕಲಿಯಬೇಕು ಅಂತ ನಾನು ಹೇಳುತ್ತೇನೆ, ಯಾಕೆಂದರೆ ಮುಂದೆ ಅವನಿಗೆ ಈ ಅವಕಾಶ ಸಿಗುವುದು ಕಷ್ಟ. ಇಬ್ಬರು ಕೂರುವ ಸಣ್ಣ ದೋಣಿಯಲ್ಲಿ ಒಬ್ಬ ಚುಕ್ಕಾಣಿ ಮತ್ತು ದೊಡ್ಡ ಹಾಯಿಯ ಹಗ್ಗ ಹಿಡಿಯುತ್ತಾನೆ, ಇನ್ನೊಬ್ಬ ಮುಂದಿನ ಚಿಕ್ಕ ಹಾಯಿ ನೋಡಿಕೊಳ್ಳುತ್ತಾನೆ. ಗಾಳಿ ಬರುವ ದಿಕ್ಕಿಗೆ ನೇರವಾಗಿ ಹೋಗಲು ಆಗುವುದೇ ಇಲ್ಲ. ಎಡಕ್ಕೆ ಒಂದಷ್ಟು ದೂರ, ಬಲಕ್ಕೆ ಒಂದಷ್ಟು ದೂರ, ಹೀಗೆ ಅಂಕುಡೊಂಕಾಗಿ ಸಾಗಬೇಕು. ಪ್ರತಿ ಸಲ ತಿರುಗುವಾಗ ಹಾಯಿಯ ಕೆಳಗಿನ ಬೂಮ್ ಆ ಕಡೆಯಿಂದ ಈ ಕಡೆಗೆ ಬೀಸಿ ಬರುತ್ತದೆ, ತಲೆ ತಗ್ಗಿಸದಿದ್ದರೆ ಏಟು ಗ್ಯಾರಂಟಿ. ಸುತ್ತ ಬೆಟ್ಟ ಇರುವುದರಿಂದ ಗಾಳಿ ಒಂದೇ ಸಮ ಬೀಸುವುದಿಲ್ಲ, ಬಿಟ್ಟು ಬಿಟ್ಟು ಹೊಡೆಯುತ್ತದೆ. ನೀರಿನ ಮೇಲೆ ಕಪ್ಪಗೆ ನಡುಗುವ ಗೆರೆ ನಿಮ್ಮ ಕಡೆ ಓಡಿ ಬರುತ್ತಿದ್ದರೆ ಅದೇ ಗಾಳಿ, ಅದು ಮುಟ್ಟುವ ಮುಂಚೆ ನೀವು ಗಾಳಿ ಬರುವ ಕಡೆಯ ಅಂಚಿಗೆ ವಾಲಿ ಹಗ್ಗ ಸಡಿಲಿಸಲು ಸಿದ್ಧರಿರಬೇಕು. ತಡ ಮಾಡಿದರೆ ದೋಣಿ ಮಗುಚುತ್ತದೆ. ಆಗ ಕೆಳಗಿನ ಹಲಗೆಯ ಮೇಲೆ ನಿಂತು, ಭಾರ ಹಾಕಿ, ಅದನ್ನು ಮತ್ತೆ ನೆಟ್ಟಗೆ ಮಾಡಿ ಹತ್ತಿ ಹೊರಡಬೇಕು. ಯಾರೂ ಬೈಯುವುದಿಲ್ಲ. ಇಡೀ ದಿನ ಯಾರದೋ ಆರ್ಡರ್‌ಗೆ ಕಾಲು ಹಾಕುವ ಹುಡುಗನಿಗೆ ಇಲ್ಲಿ ಮಾತ್ರ ಗಾಳಿ ನೋಡಿ ತಾನೇ ತೀರ್ಮಾನ ತೆಗೆದುಕೊಳ್ಳಬೇಕು. ಈ ಅಭ್ಯಾಸ ಮುಂದೆ ಪ್ಲಟೂನ್ ಕೈಗೆ ಬಂದಾಗ ಎಷ್ಟು ಉಪಯೋಗಕ್ಕೆ ಬರುತ್ತದೆ ಅಂತ ನಾನು ಕಣ್ಣಾರೆ ನೋಡಿದ್ದೇನೆ. ನಮ್ಮ ಕಾರವಾರದಲ್ಲಿ ನೇವಿಯ ಅಷ್ಟು ದೊಡ್ಡ ನೆಲೆ ಇದೆ, ಆದರೂ ಉತ್ತರ ಕರ್ನಾಟಕದ ಎಷ್ಟೋ ಮಕ್ಕಳು ಹಾಯಿದೋಣಿಯನ್ನು ಚಿತ್ರದಲ್ಲಿ ಮಾತ್ರ ನೋಡಿರುತ್ತಾರೆ. ಅಂಥವರು ಈ ಕ್ಲಬ್ ಸೇರಿದರೆ ನನಗೆ ತುಂಬಾ ಖುಷಿ.

ಇನ್ನು ಕುದುರೆ. ಸವಾರಿಯ ಮೊದಲ ಪಾಠಗಳು ಟ್ರೇನಿಂಗ್‌ನಲ್ಲೇ ಸಿಗುತ್ತವೆ, ಕ್ಲಬ್ ಸೇರಲಿ ಬಿಡಲಿ. ಅದು ಸಾಕು ಅನ್ನಿಸಿದವರು ಅಲ್ಲಿಗೇ ನಿಲ್ಲಬಹುದು. ಆದರೆ ಕುದುರೆಯ ಜೊತೆ ಮನಸ್ಸು ಹೊಂದಿತು ಅಂದರೆ ದಯವಿಟ್ಟು ಬಿಡಬೇಡಿ. ಜಂಪಿಂಗ್, ಟೆಂಟ್ ಪೆಗ್ಗಿಂಗ್ (ಓಡುವ ಕುದುರೆ ಮೇಲಿಂದ ನೆಲದ ಗೂಟವನ್ನು ಈಟಿಯಿಂದ ಎತ್ತುವ ಆಟ), ಪೋಲೋ, ಇವೆಲ್ಲ ಹೊರಗೆ ಕಲಿಯಬೇಕು ಅಂದರೆ ಸಾಮಾನ್ಯ ಮನೆಯವರಿಗೆ ಆಗುವ ಖರ್ಚಲ್ಲ. ಇನ್ನೊಂದು ಮಾತು. ನಮ್ಮ ಕಡೆಯವರಿಗೆ ಕುದುರೆ ದೂರದ ವಿಷಯ ಅಲ್ಲ. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಈಗಿನ ಇಸ್ರೇಲಿನ ಹೈಫಾ ಪಟ್ಟಣ ಗೆದ್ದ ದಾಳಿಯಲ್ಲಿ ಜೋಧಪುರದವರ ಜೊತೆ ಮೈಸೂರು ಸಂಸ್ಥಾನದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್ ಇದ್ದರು. ಎದುರಿಗೆ ಮೆಷಿನ್ ಗನ್, ಇವರ ಕೈಯಲ್ಲಿ ಈಟಿ, ಕತ್ತಿ. ಸ್ವಾತಂತ್ರ್ಯದ ನಂತರ ಮೈಸೂರಿನ ಆ ಪರಂಪರೆ 61 ಕ್ಯಾವಲ್ರಿಯಲ್ಲಿ ಸೇರಿಕೊಂಡಿತು, ಜೈಪುರದಲ್ಲಿರುವ ಕುದುರೆ ರೆಜಿಮೆಂಟ್ ಅದು. ಬೆಂಗಳೂರಿನ ಜೆಸಿ ನಗರದಲ್ಲಿ ಲ್ಯಾನ್ಸರ್ಸ್ ಸ್ಮಾರಕ ಇದೆ, ಹೊರಡುವ ಮುಂಚೆ ಸಮಯ ಇದ್ದರೆ ಒಮ್ಮೆ ಹೋಗಿ ನೋಡಿ ಬನ್ನಿ. ಕರ್ನಾಟಕದ ಕೆಡೆಟ್ ಕುದುರೆ ಹತ್ತಿದಾಗ ನನಗೆ ಇದೆಲ್ಲ ನೆನಪಾಗುತ್ತದೆ, ಹೆಮ್ಮೆ ಆಗುತ್ತದೆ.

ಹೈಕಿಂಗ್ ಮತ್ತು ರಾಕ್ ಕ್ಲೈಂಬಿಂಗ್ ಬಗ್ಗೆ ಎಲ್ಲರಿಗೂ ಆಸೆ. ಮಲೆನಾಡಿನವರಿಗೆ ಇನ್ನೂ ಜಾಸ್ತಿ, ಕೊಡಚಾದ್ರಿ, ಕುಮಾರಪರ್ವತ ಹತ್ತಿ ಬೆಳೆದವರು ಅಲ್ವಾ. ಬೇಡ ಅನ್ನುವುದಿಲ್ಲ, ಆದರೆ ಮೊದಲ ವರ್ಷ ಬೇಡ. ಅಕಾಡೆಮಿಯಿಂದ ಕಣ್ಣೆತ್ತಿದರೆ ಸಿಂಹಗಡ ಕೋಟೆಯ ಬೆಟ್ಟ ಕಾಣುತ್ತದೆ, ಅದನ್ನು ಹತ್ತುವ ಭಾಗ್ಯ ನೀವು ಕೇಳದೆಯೂ ಸಿಗುತ್ತದೆ. ಕ್ಯಾಂಪ್ ಗ್ರೀನ್‌ಹಾರ್ನ್, ರೋವರ್ಸ್, ತೋರಣಾ ಅಂತ ತರಬೇತಿ ಕ್ಯಾಂಪ್‌ಗಳು ಬೇರೆ. ಬೆನ್ನ ಮೇಲೆ ಭಾರ, ಕೈಯಲ್ಲಿ ರೈಫಲ್, ರಾತ್ರಿಯೆಲ್ಲ ನಡಿಗೆ. ಕಾಲು ಸೋತಿರುವಾಗ ಬೆಟ್ಟವನ್ನು ಪ್ರೀತಿಸುವುದು ಕಷ್ಟ. ಮೂರನೇ, ನಾಲ್ಕನೇ ಟರ್ಮ್ ಹೊತ್ತಿಗೆ ದೇಹ ಒಗ್ಗುತ್ತದೆ, ಆಗ ಹೋಗಿ. ಆ ಕ್ಯಾಂಪಿನ ಹೆಸರಿನ ತೋರಣಾ ಕೋಟೆಯನ್ನು ಶಿವಾಜಿ ಹದಿಹರೆಯದಲ್ಲೇ ಗೆದ್ದಿದ್ದು. ಹೆಚ್ಚು ಕಡಿಮೆ ಅದೇ ವಯಸ್ಸಿನಲ್ಲಿ ನೀವು ಆ ಏರು ಹತ್ತುತ್ತೀರಿ. ಅದನ್ನು ಖುಷಿಯಿಂದ ಹತ್ತುವಂತಾಗಲಿ.

ಈಗ ನಾನು ಜಾಸ್ತಿ ಹೇಳಬೇಕಿರುವುದು ಸದ್ದಿಲ್ಲದ ಕ್ಲಬ್‌ಗಳ ಬಗ್ಗೆ. ಏರೋಮಾಡೆಲಿಂಗ್, ಹಡಗಿನ ಮಾಡೆಲ್, ಫೋಟೋಗ್ರಫಿ, ಖಗೋಳ, ಸಂಗೀತ, ನಾಟಕ. ಇವುಗಳನ್ನು ಬಹಳ ಹುಡುಗರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕೆಡೆಟ್ ಅಂದರೆ ಸದಾ ಬೆವರು ಸುರಿಸಬೇಕು ಅನ್ನೋ ಭಾವನೆ. ಅದು ತಪ್ಪು. ದಿನಕ್ಕೆ ಹದಿನೈದು ಗಂಟೆ ದೇಹ ದುಡಿಯುವ ಕಡೆ, ಕೈ ಮತ್ತು ಕಣ್ಣಿಗೆ ನೆಮ್ಮದಿಯ ಕೆಲಸ ಕೊಡುವ ಒಂದು ಜಾಗ ಇರಲೇಬೇಕು. ಬಾಲ್ಸಾ ಮರದ ತೆಳು ಹಲಗೆಯನ್ನು ಬ್ಲೇಡಿನಿಂದ ಕೊಯ್ದು, ಅಂಟು ಹಚ್ಚಿ, ಉಜ್ಜಿ, ರೆಕ್ಕೆ ಮಾಡುವುದರಲ್ಲಿ ಎಂಥ ತಾಳ್ಮೆ ಬೇಕು ಗೊತ್ತಾ? ಬಾಲದ ಕಡೆ ಚೂರು ಭಾರ ಜಾಸ್ತಿಯಾದರೂ ವಿಮಾನ ಮೂಗೆತ್ತಿ, ವೇಗ ಕಳೆದುಕೊಂಡು, ಧೊಪ್ಪನೆ ಬೀಳುತ್ತದೆ. ಮೂಗಿಗೆ ಸ್ವಲ್ಪ ಸೀಸ ಸೇರಿಸಿ ಮತ್ತೆ ಹಾರಿಸಬೇಕು. ಏರ್‌ಫೋರ್ಸ್‌ಗೆ ಹೋಗುವವರು ಖಡಕ್‌ವಾಸ್ಲಾದಲ್ಲೇ ಸೂಪರ್ ಡಿಮೋನಾ ವಿಮಾನದಲ್ಲಿ ಹಾರಾಟದ ಮೊದಲ ಪಾಠ ಕಲಿಯುತ್ತಾರೆ. ವಿಮಾನ ಯಾಕೆ ಬೀಳುತ್ತದೆ ಅಂತ ಮುಂಚೆಯೇ ತನ್ನ ಕೈಯಲ್ಲೇ ಮಾಡಿ ನೋಡಿದವನಿಗೆ ಆ ಪಾಠ ಬೇಗ ತಲೆಗೆ ಹೋಗುತ್ತದೆ.

ಖಗೋಳವೂ ಹಾಗೇ. ಶನಿಯ ಬಳೆ ನೋಡಿದ ಖುಷಿ ಒಂದು ಕಡೆ ಇರಲಿ. ರಾತ್ರಿ ನಕ್ಷೆ ಹಿಡಿದು ನಡೆಯುವವನಿಗೆ ಆಕಾಶ ಓದಲು ಬರಬೇಕು. ಧ್ರುವ ನಕ್ಷತ್ರ ಪುಣೆಯಲ್ಲಿ ದಿಗಂತದಿಂದ ಸುಮಾರು 18 ಡಿಗ್ರಿ ಎತ್ತರದಲ್ಲಿ ಮಾತ್ರ ಇರುತ್ತದೆ, ಬೆಟ್ಟ ಅಡ್ಡ ಬಂದರೆ ಕಾಣುವುದೇ ಇಲ್ಲ. ಎನ್‌ಡಿಎ ಮುಗಿಸಿ ಡೆಹ್ರಾಡೂನಿನ ಐಎಂಎಗೆ (ಇಂಡಿಯನ್ ಮಿಲಿಟರಿ ಅಕಾಡೆಮಿ) ಹೋದರೆ ಅದೇ ನಕ್ಷತ್ರ 30 ಡಿಗ್ರಿ ಮೇಲೇರಿರುತ್ತದೆ. ನಾವು ಎಷ್ಟು ಅಕ್ಷಾಂಶದಲ್ಲಿ ಇದ್ದೇವೋ ಅಷ್ಟೇ ಎತ್ತರ. ಜಿಪಿಎಸ್ ಕೈಕೊಟ್ಟ ದಿನ ಇದು ಬೇಕಾಗುತ್ತದೆ. ಬಾಹ್ಯಾಕಾಶಕ್ಕೆ ಹೋದ ಮೊದಲ ಭಾರತೀಯ ರಾಕೇಶ್ ಶರ್ಮಾ 1966ರಲ್ಲಿ ಸೇರಿದ್ದು ಇದೇ ಅಕಾಡೆಮಿಗೆ, ಗಗನಯಾತ್ರಿ ಶುಭಾಂಶು ಶುಕ್ಲಾ ಕೂಡ ಇಲ್ಲಿಂದಲೇ ಹೋದವರು. ಹಾಗಾಗಿ ಇಲ್ಲಿ ಆಕಾಶದ ಕಡೆ ನೋಡುವುದನ್ನು ಯಾರೂ ಸಮಯ ಹಾಳು ಅನ್ನಬಾರದು.

ಸಂಗೀತ, ನಾಟಕದ ಬಗ್ಗೆ ಒಂದೇ ಮಾತು. ಮೊದಲ ಟರ್ಮ್‌ನಲ್ಲಿ ಡ್ರಿಲ್‌ನಲ್ಲಿ ಹಿಂದೆ ಬಿದ್ದ ಹುಡುಗ ದಿನವಿಡೀ ತಾನು ಯಾವುದಕ್ಕೂ ಲಾಯಕ್ಕಿಲ್ಲ ಅಂತ ಅಂದುಕೊಳ್ಳುತ್ತಿರುತ್ತಾನೆ. ಅದೇ ಹುಡುಗ ಅಕಾಡೆಮಿಯ ಹಬೀಬುಲ್ಲಾ ಹಾಲ್‌ನ ವೇದಿಕೆ ಮೇಲೆ ತಬಲಾ ಬಾರಿಸಿದ ಮಾರನೇ ದಿನ ಅವನ ನಡಿಗೆಯೇ ಬೇರೆ ಇರುತ್ತದೆ. ಇಂಗ್ಲಿಷ್, ಹಿಂದಿ ಎರಡೂ ಕಷ್ಟ ಅನ್ನುವ ನಮ್ಮ ಹಳ್ಳಿ ಮಕ್ಕಳಿಗೆ ನಾಟಕ ತುಂಬಾ ಸಹಾಯ ಮಾಡುತ್ತದೆ. ಬಾಯಿಪಾಠ ಮಾಡಿ, ಜೋರಾಗಿ ಹೇಳಿ, ಇನ್ನೊಬ್ಬರ ಮಾತಿಗೆ ಕಾಯುವುದು ಭಾಷೆ ಕಲಿಯಲು ಒಳ್ಳೆಯ ದಾರಿ. ಡಿಬೇಟ್‌ಗೆ ನೇರವಾಗಿ ನುಗ್ಗುವುದಕ್ಕಿಂತ ಇದು ವಾಸಿ.

ಸರಿ, ಯಾರ ಮಾತು ಕೇಳಬಾರದು? ಮೊದಲನೆಯದಾಗಿ ಅಪ್ಪ ಅಮ್ಮನದು. ಪ್ರೀತಿಯಿಂದಲೇ ಹೇಳುತ್ತಿದ್ದೇನೆ. "ಪರ್ಸನಾಲಿಟಿ ಬೆಳೆಯುತ್ತೆ, ಡಿಬೇಟ್ ತಗೋ ಮಗಾ" ಅಂತ ಫೋನಲ್ಲಿ ಒತ್ತಾಯ ಮಾಡುವ ಪೋಷಕರೇ, ಪರ್ಸನಾಲಿಟಿ ಬೆಳೆಸುವುದಕ್ಕೆ ಅಲ್ಲಿ ಇಡೀ ವ್ಯವಸ್ಥೆ ಇದೆ, ಕ್ಲಬ್ ಒಂದನ್ನು ಮಗುವಿಗೆ ಬಿಡಿ. ಎರಡನೆಯದಾಗಿ, ಅದೇ ಸೈನಿಕ ಶಾಲೆಯ ಗೆಳೆಯ ಸೇರಿದ ಅಂತ ಸೇರಬೇಡಿ. ಬೇರೆ ಸ್ಕ್ವಾಡ್ರನ್‌ನ, ಬೇರೆ ರಾಜ್ಯದ ಹುಡುಗರ ಜೊತೆ ಸೀನಿಯರ್ ಜೂನಿಯರ್ ಗಡಿಬಿಡಿ ಇಲ್ಲದೆ ಬೆರೆಯಲು ಕ್ಲಬ್ ಒಳ್ಳೆಯ ಜಾಗ. 18 ಸ್ಕ್ವಾಡ್ರನ್ ಇವೆ, ಸುಮ್ನೆ ನಿಮ್ಮ ಒಂದರೊಳಗೇ ಇದ್ದುಬಿಟ್ಟರೆ ಉಳಿದ ಹದಿನೇಳರಲ್ಲಿ ಯಾರಿದ್ದಾರೆ ಅಂತ ಗೊತ್ತೇ ಆಗುವುದಿಲ್ಲ. ಮೂರನೆಯದು, ಮೆರಿಟ್ ಲೆಕ್ಕ. ಯಾವ ಕ್ಲಬ್‌ನಿಂದ ಏನು ಲಾಭ ಅಂತ ಕೂಡಿ ಕಳೆದು ಸೇರಿದವರು ಎರಡನೇ ಟರ್ಮ್‌ಗೇ ಸುಸ್ತಾಗುತ್ತಾರೆ. ರಾಜ್ಯವರ್ಧನ್ ರಾಠೋಡ್ ಇದೇ ಅಕಾಡೆಮಿಯಿಂದ ಬಂದವರು, 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಡಬಲ್ ಟ್ರ್ಯಾಪ್ ಶೂಟಿಂಗ್‌ನಲ್ಲಿ ಬೆಳ್ಳಿ ಗೆದ್ದರು. ಆದರೆ ಶಾಟ್‌ಗನ್ ಶೂಟಿಂಗ್ ಅವರು ಗಂಭೀರವಾಗಿ ಹಿಡಿದದ್ದು ಸೇನೆ ಸೇರಿ ವರ್ಷಗಳಾದ ಮೇಲೆ. ಹದಿನೇಳನೇ ವಯಸ್ಸಿನಲ್ಲಿ ಎಲ್ಲವನ್ನೂ ಲೆಕ್ಕ ಹಾಕಿ ಇಡಲು ಆಗುವುದಿಲ್ಲ.

ಹುಡುಗಿಯರೂ ಈಗ ಕೇಳುತ್ತಾರೆ, ಅದು ನನಗೆ ದೊಡ್ಡ ಸಂತೋಷ. 2022ರಲ್ಲಿ ಮೊದಲ ಬ್ಯಾಚ್ ಸೇರಿತು, 2025ರ ಮೇ 30ರಂದು ಅದರ 17 ಹುಡುಗಿಯರು ಹುಡುಗರ ಜೊತೆ ಹೆಜ್ಜೆ ಹಾಕಿ ಪಾಸಾಗಿ ಹೊರಬಂದರು. ಅವರಿಗೆ ಬೇರೆ ಸಲಹೆ ಏನಿಲ್ಲ, ಇದೇ. "ಹುಡುಗಿಯರಿಗೆ ಯಾವುದು ಸೂಕ್ತ" ಅಂತ ಯಾರಾದರೂ ಫೋಟೋಗ್ರಫಿ ಕಡೆ ತಳ್ಳಿದರೆ, ನಿಮಗೆ ನಿಜವಾಗಿ ಬೇಕಿದ್ದರೆ ಮಾತ್ರ ಹೋಗಿ. ಇಲ್ಲದಿದ್ದರೆ ಕುದುರೆ ಲಾಯದ ಕಡೆ ನಡೆಯಿರಿ.

ಮೊದಲ ಟರ್ಮ್‌ನಲ್ಲಿ ಯಾವುದೋ ಕ್ಲಬ್‌ಗೆ ಹೆಸರು ಬಿತ್ತು, ಇಷ್ಟ ಆಗಲಿಲ್ಲ ಅಂದರೆ ಗಾಬರಿ ಬೇಡ. ಟರ್ಮ್ ಮುಗಿಯುವವರೆಗೆ ನಿಯತ್ತಾಗಿ ಹೋಗಿ, ಆಮೇಲೆ ಕ್ಲಬ್ ನೋಡಿಕೊಳ್ಳುವ ಆಫೀಸರ್ ಹತ್ತಿರ ನೇರವಾಗಿ ಹೋಗಿ ಬದಲಾಯಿಸಬೇಕು ಅಂತ ಕೇಳಿ. ಕಾರಣ ಸ್ಪಷ್ಟವಾಗಿ ಹೇಳಿದ ಕೆಡೆಟ್‌ನ ಮಾತಿಗೆ ಬೆಲೆ ಇರುತ್ತದೆ. ಕೇಳದೆ ಒಳಗೊಳಗೇ ಕೊರಗುವುದು ಬೇಡ.

ಕೊನೆಯದಾಗಿ, ಇನ್ನೂ ಊರಲ್ಲೇ ಇರುವವರಿಗೆ. ಹೊರಡಲು ಕೆಲವು ವಾರ ಇದ್ದರೂ ಸಾಕು, ಈಜು ಕಲಿಯಲು ಶುರು ಮಾಡಿ. ಕೆರೆ, ಕಾಲುವೆ ಬೇಡ, ಕೋಚ್ ಇರುವ ಈಜುಕೊಳಕ್ಕೇ ಹೋಗಿ. ಜಿಲ್ಲಾ ಕೇಂದ್ರಗಳಲ್ಲಿ ಬಹಳ ಕಡೆ ಕ್ರೀಡಾ ಇಲಾಖೆಯ ಕೊಳ ಇದೆ. ಈಜು ಬಾರದವರ ಎಷ್ಟೋ ಸಂಜೆಗಳು ಎಕ್ಸ್‌ಟ್ರಾ ಕ್ಲಾಸಿಗೇ ಹೋಗುತ್ತವೆ, ಕ್ಲಬ್‌ಗೆ ಉಳಿಯುವ ಆ ಸ್ವಲ್ಪ ಹೊತ್ತೂ ಅಲ್ಲೇ ಮುಗಿಯುತ್ತದೆ. ತಲೆ ನೀರೊಳಗಿಟ್ಟು ಉಸಿರು ಬಿಡುವುದು, ಕಾಲು ತಾಗದ ಆಳದಲ್ಲಿ ಐದು ನಿಮಿಷ ತೇಲುವುದು, ಇವೆರಡು ಬಂದರೂ ಪೀಕಾಕ್ ಬೇ ಕಡೆಗೆ ಹೋಗಲು ಅರ್ಧ ದಾರಿ ಸಾಗಿದಂತೆ.