ಒಲಿಂಪಿಯಾ ಗೊಂಬೆ, ಮೂರನೇ ವಾರ: ಕೊನೆಗೂ ತಲೆ ಬಗ್ತು

ಹೋದ ಸಲ ಬರೆದಾಗ ಬರೀ ಮೈ ಇತ್ತು, ಈಗ ತಲೆ ಕೂತಿದೆ, ಬಲಗೈ ಆಡುತ್ತೆ, ಎಡಗೈ ಕಥೆ ಆಮೇಲೆ ಹೇಳ್ತೀನಿ.

ಹೊಸಬರಿಗೆ ಎರಡು ಮಾತು. 1916ರಲ್ಲಿ ಜರ್ಮನಿಲಿ ರಿಚರ್ಡ್ ಓಸ್ವಾಲ್ಡ್ ಅನ್ನೋ ಡೈರೆಕ್ಟರ್ 'ಹಾಫ್‌ಮನ್ಸ್ ಎರ್ತ್ಸೇಲುಂಗೆನ್' ಅಂತ ಒಂದು ಮೂಕಿ ಚಿತ್ರ ಮಾಡಿದ್ರು, ಅಂದ್ರೆ ಹಾಫ್‌ಮನ್ ಕಥೆಗಳು, ಆಫೆನ್‌ಬಾಖ್ ಆಪೆರಾದಿಂದ (ಹಾಡಲ್ಲೇ ಕಥೆ ಹೇಳೋ ನಾಟಕ) ತಗೊಂಡಿದ್ದು. ಅದರಲ್ಲಿ ಬರೋ ಕೀ ಕೊಡೋ ಗೊಂಬೆ ಒಲಿಂಪಿಯಾನ ನಾನು ಮರದಲ್ಲಿ ಮಾಡ್ತಿದೀನಿ, ಹ್ಯಾಂಡಲ್ ತಿರುಗಿಸಿದ್ರೆ ಆಡೋ ಥರ. ಒಂದು ತಮಾಷೆ ನೋಡಿ, ಕಥೆಗಳು ಜರ್ಮನಿಯ ಇ.ಟಿ.ಎ. ಹಾಫ್‌ಮನ್‌ದು, ಅವನ್ನ ಆಪೆರಾ ಮಾಡಿದ್ದು ಕೊಲೋನ್‌ನಲ್ಲಿ ಹುಟ್ಟಿ ಪ್ಯಾರಿಸ್‌ನಲ್ಲಿ ಸೆಟ್ಲ್ ಆದ ಆಫೆನ್‌ಬಾಖ್, 1881ರಲ್ಲಿ ಮೊದಲ ಶೋ ಆಗೋ ಹೊತ್ತಿಗೆ ಅವರೇ ಇರ್ಲಿಲ್ಲ, ಆಮೇಲೆ ಫ್ರಾನ್ಸ್ ಜೊತೆ ಯುದ್ಧ ನಡೀತಿರೋವಾಗ್ಲೇ ಜರ್ಮನ್ನರು ಅದನ್ನ ಸಿನಿಮಾ ಮಾಡ್ಕೊಂಡ್ರು. ತವರಿಗೆ ವಾಪಸ್ ಬಂದಂಗಾಯ್ತು.

ಆಪೆರಾದಲ್ಲಿ ಒಲಿಂಪಿಯಾ ಅತಿಥಿಗಳ ಮುಂದೆ ಹಾಡ್ತಾಳೆ, ಮಧ್ಯದಲ್ಲಿ ಕೀ ಖಾಲಿ ಆಗಿ ದನಿ ಕೆಳಗೆ ಇಳೀತಾ ಹೋಗುತ್ತೆ, ಮತ್ತೆ ಕೀ ಕೊಟ್ರೆ ತಟ್ಟನೆ ಏರುತ್ತೆ. ಮೂಕಿಲಿ ಆ ದನಿನೇ ಇಲ್ವಲ್ಲ! ಥಿಯೇಟರ್‌ನಲ್ಲಿ ಯಾರೋ ಪಿಯಾನೋ ನುಡಿಸ್ತಿರಬಹುದು, ಆದ್ರೆ ಪರದೆ ಮೇಲೆ ಇರೋದು ಕತ್ತು, ಭುಜ, ಮಣಿಕಟ್ಟು ಅಷ್ಟೇ. ಅದಕ್ಕೇ ನಾನು ತಂದಿಟ್ಟಿದ್ದ ಮ್ಯೂಸಿಕ್ ಬಾಕ್ಸ್‌ನ ಡ್ರಾಯರ್‌ಗೆ ಹಾಕಿದೆ, ಕತ್ತಲ್ಲೇ ಎಲ್ಲ ಹೇಳ್ಬೇಕು ಅಂತ.

ತಲೆ ನಿಧಾನಕ್ಕೆ ಬಗ್ಗಬೇಕು, ಥಟ್ ಅಂತ ಏಳ್ಬೇಕು. ಇದಕ್ಕೆ ಬಸವನಹುಳು ಆಕಾರದ ಕ್ಯಾಮ್ ಬೇಕು, ಅಂದ್ರೆ ತಿರುಗ್ತಾ ಮೇಲಿನ ಕಡ್ಡಿನ ಎತ್ತಿ ಇಳಿಸೋ ಬಿಲ್ಲೆ, ಆದ್ರೆ ಅದರ ಸ್ವಭಾವ ಉಲ್ಟಾ, ಮೇಲೆ ಕೂತ ಕಡ್ಡಿ ನಿಧಾನಕ್ಕೆ ಏರಿ ಒಮ್ಮೆಲೇ ಬೀಳುತ್ತೆ. ಎರಡು ದಿನ ತಲೆ ಕೆಡಿಸ್ಕೊಂಡ ಮೇಲೆ ಹೊಳೀತು, ಮಧ್ಯೆ ಏತದ ಥರ ಒಂದು ಸನ್ನೆ ಹಾಕಿದ್ರೆ ಮುಗೀತು, ಈ ಕಡೆ ಕಡ್ಡಿ ಏರಿದ್ರೆ ಆ ಕಡೆ ತಲೆ ಬಗ್ಗುತ್ತೆ, ಕಡ್ಡಿ ಬಿದ್ರೆ ತಲೆ ಏಳುತ್ತೆ. ತಲೆ ಭಾರ ಜಾಸ್ತಿಯಾಗಿ ಮೊದಲು ಏಳ್ಲೇ ಇಲ್ಲ, ಕಡ್ಡಿಗೆ ಮೂರು ನಟ್ ಕಟ್ಟಿದ ಮೇಲೆ ಎದ್ದಳು ಮಹಾತಾಯಿ.

ಆಗ ಅಕ್ಕನ ಮಗ ಬಂದ. 'ಮಾಮ, ಇದು ಹಿಂದಕ್ಕೂ ತಿರುಗತ್ತಾ' ಅಂತ ಕೇಳೋಷ್ಟರಲ್ಲಿ ತಿರುಗಿಸೇಬಿಟ್ಟಿದ್ದ. ಕ್ಯಾಮ್‌ನ ಮೆಟ್ಟಿಲಿಗೆ ಸಿಕ್ಕಿ ಕಡ್ಡಿ ಪಟ್ ಅಂತು. ಈಗ ಹ್ಯಾಂಡಲ್ ಪಕ್ಕ ಒಂದು ಹಲ್ಲಿನ ಚಕ್ರ ಹಾಕಿ, ಹ್ಯಾಕ್ಸಾ ಬ್ಲೇಡ್ ತುಂಡು ಒತ್ತಿಟ್ಟಿದೀನಿ, ಮುಂದಕ್ಕೆ ಮಾತ್ರ ಹೋಗುತ್ತೆ, ಕಟಕಟ ಅಂತ ಸದ್ದು ಮಾಡ್ಕೊಂಡು. ಆಗಿನ ಕ್ಯಾಮೆರಾನೂ ಕೈಲೇ ತಿರುಗಿಸ್ತಿದ್ರು, ಒಂದು ಸುತ್ತಿಗೆ 8 ಫ್ರೇಮ್, ಸೆಕೆಂಡಿಗೆ 2 ಸುತ್ತು, ಅಂದ್ರೆ 16 ಫ್ರೇಮ್. ಅದೇ ಲೆಕ್ಕ ಹಿಡಿದು ಹ್ಯಾಂಡಲ್‌ನ 12 ಹಲ್ಲಿನ ಗೇರ್‌ಗೆ ಕ್ಯಾಮ್ ಕಡೆ 96 ಹಲ್ಲಿಂದು ಜೋಡಿಸಿದೆ, ಹ್ಯಾಂಡಲ್ 8 ಸುತ್ತು ಹೋದ್ರೆ ಕ್ಯಾಮ್ ಒಂದು ಸುತ್ತು, ಕ್ಯಾಮೆರಾಮನ್ ಸ್ಪೀಡಲ್ಲಿ ತಿರುಗಿಸಿದ್ರೆ ಬಗ್ಗಿ ಏಳೋಕೆ ಸರಿಯಾಗಿ 4 ಸೆಕೆಂಡ್.

ಇನ್ನೊಂದು ಐಡಿಯಾ ನಂಗೇ ತುಂಬಾ ಖುಷಿ ಕೊಡ್ತು. ಆಪೆರಾದಲ್ಲಿ ಕಥಾನಾಯಕನ ಹೆಸರೂ ಹಾಫ್‌ಮನ್ನೇ, ಅವನು ಮಾಯದ ಕನ್ನಡಕ ಹಾಕ್ಕೊಂಡಿರ್ತಾನೆ, ಅದಕ್ಕೇ ಗೊಂಬೆ ಜೀವಂತ ಹುಡುಗಿ ಥರ ಕಾಣ್ತಾಳೆ. ನಾನು ಬಿಳಿ ಮುಖದ ಮೇಲೆ ಕೀಲಿನ ಗೆರೆಗಳನ್ನ ಕೆಂಪು ಪೆನ್ಸಿಲ್‌ನಲ್ಲಿ ಎಳೆದೆ, ಪೆಟ್ಟಿಗೆ ಮುಂದೆ ಕೆಂಪು ಜಿಲೆಟಿನ್ ಪೇಪರ್ ಹಚ್ಚಿದ ಕಿಟಕಿ ಇಟ್ಟೆ. ಅದರೊಳಗಿಂದ ನೋಡಿದ್ರೆ ಗೆರೆ ಮಾಯ! ದವಡೆ ಹತ್ರ ಒಂದು ಗೆರೆ ಇನ್ನೂ ಮಸುಕಾಗಿ ಕಾಣುತ್ತೆ, ಬಹುಶಃ ಪೆನ್ಸಿಲ್ ಜೋರಾಗಿ ಒತ್ತಿದೀನಿ, ಉಪ್ಪುಕಾಗದ ಹಾಕಿ ಮತ್ತೆ ಎಳೀಬೇಕು.

ಬೆಳಕಿಗೆ ಪುಟ್ಟ ಮೇಣದ ಬತ್ತಿ ಇಡೋಣ ಅಂತಿದ್ದೆ, ಆಮೇಲೆ ವಿಯೆನ್ನಾದ ರಿಂಗ್‌ಥಿಯೇಟರ್ ನೆನಪಾಯ್ತು, 1881ರ ಡಿಸೆಂಬರ್ 8ಕ್ಕೆ ಇದೇ ಆಪೆರಾ ನೋಡೋಕೆ ಬಂದ ನೂರಾರು ಜನ ಗ್ಯಾಸ್ ದೀಪದಿಂದ ಹತ್ತಿದ ಬೆಂಕಿಲಿ ಸತ್ತಿದ್ರು. ಎಲ್‌ಇಡಿನೇ ಸಾಕು ಅಂದ್ಕೊಂಡೆ.

ಇನ್ನು ಎಡಗೈ. ಆಪೆರಾದಲ್ಲಿ ಒಲಿಂಪಿಯಾ ಕಥೆ ಕೊನೇಲಿ, ಗೊಂಬೆ ಮಾಡಿದ ಸ್ಪಲಾಂಜಾನಿ ದುಡ್ಡು ಕೊಡದೆ ಟೋಪಿ ಹಾಕಿದ ಅಂತ ಅದಕ್ಕೆ ಕಣ್ಣು ಮಾಡಿಕೊಟ್ಟ ಕೊಪ್ಪೇಲಿಯಸ್ ಗೊಂಬೆನ ಚೂರು ಚೂರು ಮಾಡ್ತಾನಲ್ಲ, ಅದಕ್ಕೆ ಕೈನ ಮ್ಯಾಗ್ನೆಟ್‌ಗೆ ಅಂಟಿಸಿ, ಕೊನೆ ಸುತ್ತಿನಲ್ಲಿ ಬೀಳೋ ಹಾಗೆ ಮಾಡಿದ್ದೆ. ಮೊದಲನೇ ಸುತ್ತಿಗೇ ಬೀಳ್ತಿದೆ. ದೊಡ್ಡ ಮ್ಯಾಗ್ನೆಟ್ ತರೋವರೆಗೂ ಕೈ ಗುಂಡುಪಿನ್ ಡಬ್ಬಿಲಿ ಇರುತ್ತೆ.