ಕ್ವೇಸಾರ್ ಹಿಡಿದು ದೂರ ಅಳೆಯುವ ಲೆಕ್ಕ

ಮಾರ್ಚ್ ಕೊನೆಯಲ್ಲಿ ನಡುರಾತ್ರಿ ಹೊತ್ತಿಗೆ ಕನ್ಯಾ ರಾಶಿ ಮಲೆನಾಡಿನವರ ನೆತ್ತಿಗೆ ಹತ್ತಿರ ಬಂದಿರುತ್ತದೆ. ತೀರ್ಥಹಳ್ಳಿ ಕಡೆ, ಪೇಟೆಯ ದೀಪ ತಾಕದ ಬಯಲಲ್ಲಿ 8 ಇಂಚಿನ ದೂರದರ್ಶಕ ಇಟ್ಟು, ಈಟಾ ವರ್ಜಿನಿಸ್‌ ನಕ್ಷತ್ರದಿಂದ ಈಶಾನ್ಯಕ್ಕೆ ಸುಮಾರು 3.5 ಡಿಗ್ರಿ ಸರಿದರೆ 3ಸಿ 273 ಎಂಬ ಕ್ವೇಸಾರ್ (ದೈತ್ಯ ಕಪ್ಪುಕುಳಿಗೆ ಬೀಳುವ ಅನಿಲದಿಂದ ಹೊಳೆಯುವ, ದೂರದ ಗ್ಯಾಲಕ್ಸಿಯ ಕೇಂದ್ರ) ಸಿಗುತ್ತದೆ. ಕಾಂತಿಮಾನ (ಅಂಕಿ ಹೆಚ್ಚಿದಷ್ಟೂ ಮಂಕು) 12.9ರ ಆಸುಪಾಸು. ಮಾಮೂಲಿ ಚುಕ್ಕಿ, ನಕ್ಷೆ ಇಲ್ಲದೆ ಗುರುತು ಹತ್ತುವುದಿಲ್ಲ. ಇದರ ಕೆಂಪು ಪಲ್ಲಟ, ಅಂದರೆ ವಿಶ್ವ ಹಿಗ್ಗಿದ್ದರಿಂದ ಬೆಳಕಿನ ಅಲೆ ಉದ್ದವಾದ ಪ್ರಮಾಣ, 0.158 ಎಂದು ಖಗೋಳವಿಜ್ಞಾನಿ ಮಾರ್ಟೆನ್ ಶ್ಮಿಟ್ ಕಂಡುಕೊಂಡದ್ದು 1963ರಲ್ಲಿ.

ಪಲ್ಲಟ ಗೊತ್ತಾದರೆ ದೂರವೂ ಗೊತ್ತಾಯಿತಲ್ಲ ಅಂದುಕೊಳ್ಳಬೇಡಿ. ಅದನ್ನು ದೂರಕ್ಕೆ ತಿರುಗಿಸಲು ವಿಶ್ವ ಹೇಗೆ ಹಿಗ್ಗಿತೆಂದು ಮೊದಲೇ ಒಪ್ಪಿಕೊಂಡಿರಬೇಕು. ಪರೀಕ್ಷೆ ಮಾಡಬೇಕಾದ್ದೇ ಅದನ್ನು!

2015ರಲ್ಲಿ ಖಗೋಳವಿಜ್ಞಾನಿಗಳಾದ ರಿಸಾಲಿತಿ ಮತ್ತು ಲುಸ್ಸೋ ಹಿಡಿದ ದಾರಿ ಬೇರೆ. ಕ್ವೇಸಾರ್‌ನ ನೇರಳಾತೀತ ಕಾಂತಿ (2500 ಆಂಗ್‌ಸ್ಟ್ರಾಂ) 10 ಪಟ್ಟು ಹೆಚ್ಚಿದರೆ ಎಕ್ಸ್‌-ರೇ ಕಾಂತಿ (2 ಕೆಇವಿ) 4 ಪಟ್ಟು ಮಾತ್ರ ಹೆಚ್ಚುತ್ತದೆ. ಘಾತ ಸುಮಾರು 0.6. ಆದರೆ ನಮಗೆ ಕಾಣುವುದು ದೂರದ ವರ್ಗಕ್ಕೆ ತಕ್ಕಂತೆ ಕುಗ್ಗಿದ ಕಾಂತಿ. ಘಾತ 1 ಆಗಿದ್ದರೆ ಎರಡೂ ಕಡೆಯ ದೂರ ಹೊಡೆದುಹೋಗಿ ಕೈಗೆ ಏನೂ ಉಳಿಯುತ್ತಿರಲಿಲ್ಲ. 0.6 ಇರುವುದರಿಂದ ಲಾಗರಿದಮ್ ಲೆಕ್ಕದಲ್ಲಿ ದೂರದ ಮುಂದೆ 0.8 ಉಳಿಯುತ್ತದೆ.

ತೊಂದರೆ ಇರುವುದೂ ಅಲ್ಲೇ. ಸಂಬಂಧದ ಚದುರುವಿಕೆ ಸುಮಾರು 0.24 ಡೆಕ್ಸ್ (10ರ ಲಾಗರಿದಮ್‌ನಲ್ಲಿ ಅಳತೆ). 0.8ರಿಂದ ಭಾಗಿಸಿದರೆ 0.3, ಅಂದರೆ ಒಂದೊಂದು ಕ್ವೇಸಾರ್‌ನ ದೂರದಲ್ಲೂ ಎರಡು ಪಟ್ಟಿನ ಅನುಮಾನ. ಕಾಂತಿಮಾನದಲ್ಲಿ 1.5. ದೂರ ಅಳೆಯಲು ಬಳಸುವ ನಕ್ಷತ್ರ ಸ್ಫೋಟವಾದ ಒಂದು ಒಳ್ಳೆಯ ಐಎ ಸೂಪರ್‌ನೋವಾಕ್ಕೆ ಇದು 0.15ರಷ್ಟು, ಅಂದರೆ ಹತ್ತನೇ ಒಂದು ಪಾಲು. ಸರಾಸರಿಯ ಅನುಮಾನ ಎಣಿಕೆಯ ವರ್ಗಮೂಲದಂತೆ ಇಳಿಯುತ್ತದೆ. ಆದ್ದರಿಂದ ಒಂದು ಸೂಪರ್‌ನೋವಾಕ್ಕೆ ಸರಿಗಟ್ಟಲು ನೂರು ಕ್ವೇಸಾರ್ ಬೇಕು.

ಹೀಗಾಗಿ ಜರಡಿ ಬಿಗಿಯಾಗಿರಬೇಕು. ಧೂಳು ನೇರಳಾತೀತವನ್ನು ತಿನ್ನುತ್ತದೆ, ಅನಿಲ ಎಕ್ಸ್‌-ರೇಯನ್ನು. ಕೆಂಪಾಗಿ ಕಂಡವೂ ರೋಹಿತದಲ್ಲಿ ಅಗಲ ಹೀರಿಕೆ ಪಟ್ಟಿ (ಅನಿಲ ಬೆಳಕು ನುಂಗಿದ ಗುರುತು) ಇರುವವೂ ಹೊರಕ್ಕೆ. ರೇಡಿಯೋ ಪ್ರಬಲವಾದವೂ ಬೇಡ, ಅವುಗಳ ಜೆಟ್ (ಕೇಂದ್ರದಿಂದ ಚಿಮ್ಮುವ ಕಣಗಳ ಧಾರೆ) ತನ್ನದೇ ಎಕ್ಸ್‌-ರೇ ಬೆರೆಸುತ್ತದೆ. ನಮ್ಮ ಕಣ್ಣಿಗೆ ಬೀಳುವ 3ಸಿ 273 ಇದೇ ಕಾರಣಕ್ಕೆ ಪಟ್ಟಿಯಲ್ಲಿ ನಿಲ್ಲುವುದಿಲ್ಲ. ಪತ್ತೆಮಿತಿಯ ಅಂಚಿನವು ಇನ್ನೂ ಕಪಟಿ: ಏರಿಳಿತದಲ್ಲಿ ಮೇಲಿದ್ದಾಗಷ್ಟೇ ಕಾಣಿಸಿ, ದೂರವನ್ನು ಕಡಿಮೆ ತೋರಿಸುತ್ತವೆ.

ಇಷ್ಟು ಸೋಸಿದ ಮೇಲೂ 2020ರ ಪಟ್ಟಿಯಲ್ಲಿ 2,421 ಕ್ವೇಸಾರ್‌ಗಳಿದ್ದವು, ಪಲ್ಲಟ 7.5ರವರೆಗೆ. ಸೂಪರ್‌ನೋವಾಗಳು 2ರ ಆಚೆ ಸಿಗುವುದೇ ಅಪರೂಪ. ಹತ್ತಿರದ ಭಾಗವನ್ನು ಸೂಪರ್‌ನೋವಾಗಳ ಜೊತೆ ಹೊಂದಿಸಿ ಮಾಪನಾಂಕ ಪಡೆಯುತ್ತಾರೆ. ಪಲ್ಲಟ 1.4ರ ಆಚೆ ಕ್ವೇಸಾರ್‌ಗಳು ವಿಶ್ವದ ಹಿಗ್ಗುವಿಕೆಯ ರೂಢಿಯ ಮಾದರಿಯಿಂದ ಸರಿದಿವೆ ಎಂಬುದು ಆ ತಂಡದ ವಾದ. ಘಾತ ಎಲ್ಲ ಕಾಲಕ್ಕೂ 0.6 ಆಗಿಯೇ ಇತ್ತೇ ಎಂಬುದು ಖಚಿತವಾಗುವ ಮುನ್ನ ಆ ಹಿಗ್ಗುವಿಕೆಗೆ ವೇಗ ಕೊಡುತ್ತದೆನ್ನುವ ಕರಾಳ ಶಕ್ತಿಯ ಲೆಕ್ಕವನ್ನು ತಿದ್ದಲು ಹೊರಡುವುದು ಅವಸರವೆಂದೇ ನನ್ನ ಲೆಕ್ಕ.