ಮನೆಗೊಂದು ಫ್ಯುಯೆಲ್ ಸೆಲ್
ಹೈಡ್ರೋಜನ್ ಮತ್ತು ಆಕ್ಸಿಜನ್ ಸೇರಿಸಿ ಕರೆಂಟು ಮಾಡುವ ಸಾಧನವೇ ಫ್ಯುಯೆಲ್ ಸೆಲ್, ಅದು ಏನನ್ನೂ ಸುಡುವುದಿಲ್ಲ. ಸಾಮಾನ್ಯ ಮಾದರಿಯಲ್ಲಿ, ನಡುವಿನ ತೆಳು ಪೊರೆ ಹೈಡ್ರೋಜನ್‌ನ ಪ್ರೋಟಾನ್‌ಗಳನ್ನು ಮಾತ್ರ ಆಚೆ ಬಿಡುತ್ತದೆ, ಎಲೆಕ್ಟ್ರಾನ್‌ಗಳು ತಂತಿ ಹಿಡಿದು ಸುತ್ತಿ ಬಂದು ಆಕ್ಸಿಜನ್ ಸೇರಬೇಕು. ಆ ಸುತ್ತಾಟವೇ ಕರೆಂಟು. ಉಳಿಯುವುದು ನೀರು, ಬಿಸಿ ಅಷ್ಟೇ.

ನನಗೆ ಇಷ್ಟವಾಗುವುದು ಆ ಬಿಸಿಯೇ. ದೂರದ ಸ್ಥಾವರದಲ್ಲಾದರೆ ಅದು ಹೆಚ್ಚಾಗಿ ಸುಮ್ನೆ ಗಾಳಿಪಾಲು, ಮನೆಯಲ್ಲಾದರೆ ಸ್ನಾನದ ನೀರು ಕಾಯುತ್ತದೆ, ಕೋಣೆಯೂ ಬೆಚ್ಚಗಾಗುತ್ತದೆ. ಜಪಾನಿನಲ್ಲಿ 2009ರಿಂದಲೇ ಎನೆ-ಫಾರ್ಮ್ ಹೆಸರಿನಲ್ಲಿ ಇಂಥ ಪೆಟ್ಟಿಗೆಗಳು ಮಾರಾಟಕ್ಕಿವೆ, ಕೆಲವು 700 ವ್ಯಾಟ್‌ನವು. ಆದರೆ ಅವು ಹೈಡ್ರೋಜನ್ ತೆಗೆಯುವುದು ಮನೆಗೆ ಬರುವ ಗ್ಯಾಸಿನಿಂದ, ಹಾಗಾಗಿ ಕಾರ್ಬನ್ ಡೈಆಕ್ಸೈಡ್ ಬಂದೇ ಬರುತ್ತದೆ, ಅಲ್ವಾ?

ಸೋಲಾರ್ ಕರೆಂಟಿನಿಂದ ನೀರು ಒಡೆದು ಹೈಡ್ರೋಜನ್ ಮಾಡಿ, ಮತ್ತೆ ಅದನ್ನೇ ಕರೆಂಟು ಮಾಡಿದರೆ ಅರ್ಧಕ್ಕಿಂತ ಜಾಸ್ತಿ ದಾರಿಯಲ್ಲೇ ಕರಗುತ್ತದೆ. ಬರೀ ಬಿಸಿನೀರು ಸಾಕೆಂದರೆ, ಹೊರಗಿನ ಗಾಳಿಯ ಬಿಸಿಯನ್ನೇ ಎಳೆದು ನೀರು ಕಾಯಿಸುವ ಹೀಟ್ ಪಂಪೇ ವಾಸಿ.